ಮಂಡಿಯಣ್ಣನ ಮಂಡಿ

ನಮ್ಮ ಭಾಷೆಯಲ್ಲಿ ಪದಗಳಿಗೇನೂ ಬರಗಾಲವಿಲ್ಲ. ಆದರೂ ಕಾಲು ಮಡಿಸುವ ಕೀಲಿಗೂ ಈರುಳ್ಳಿ ಮಾರುವ ಜಾಗಕ್ಕೂ ಒಂದೇ ಪದ ಸಾಕು ಎಂದು ತೀರ್ಮಾನಿಸಿದ ಮಹಾನುಭಾವರು ಯಾರೋ ನನಗೆ ತಿಳಿಯದು. ತಿಳಿದರೆ ಅವರನ್ನು ಹಿಡಿದು ತಂದು, ನನ್ನ ಷಡ್ಡಕನ ಜೊತೆ ಒಂದು ಸಲ ದೋಣಿ ಹತ್ತಿಸುತ್ತೇನೆ. ಆಮೇಲೆ ಅವರೇ ಇನ್ನೊಂದು ಪದ ಹುಡುಕಿಕೊಡುತ್ತಾರೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನನಗಿಂತ ಹಿರಿಯರಾದ್ದರಿಂದ ಭಾವ ಎನ್ನುತ್ತೇನೆ. ಬಂದರಿನ ಹಿಂದಿನ ಬೀದಿಯಲ್ಲಿ ಅವರದೊಂದು ಈರುಳ್ಳಿ ಮಂಡಿ ಇದೆ, ಸಗಟು ವ್ಯಾಪಾರ. ಹಾಗಾಗಿ ಊರಿನವರ ಬಾಯಲ್ಲಿ ಅವರು ಮಂಡಿಯಣ್ಣ. ಈ ಮಂಡಿಯಣ್ಣ ಒಂದು ಬೆಳಗ್ಗೆ ತಮ್ಮ ಹಮಾಲರಿಗೆ, "ಮೂಟೆ ಹೊರೋದು ಅಂದ್ರೆ ಹೀಗಲ್ಲಪ್ಪಾ, ನೋಡಿ ಕಲೀರಿ" ಎಂದು ಹೇಳಿ ಒಂದು ಮೂಟೆಯನ್ನು ಬೆನ್ನಿಗೆ ಹಾಕಿಸಿಕೊಂಡರು. ಹಮಾಲರು ನೋಡಿದರು. ಭಾವ ಕೆಳಗೆ, ಮೂಟೆ ಮೇಲೆ. ಅಂದಿನಿಂದ ಅವರ ಎಡಗಾಲಿನ ಮಂಡಿ ಮಡಿಸಿದರೆ ಬಿಡಿಸಲಾರದು, ಬಿಡಿಸಿದರೆ ಮಡಿಸಲಾರದು.

ಇಷ್ಟಾದರೆ ಔಷಧಿ ಇತ್ತು. ಆದರೆ ಭಾವನಿಗೆ ಮಂಡಿ ನೋವಿಗಿಂತ ದೊಡ್ಡ ಕಾಯಿಲೆ ಇನ್ನೊಂದಿತ್ತು, ಅದರ ಹೆಸರು ಮರ್ಯಾದೆ. ಕೈಗೆ ಕೋಲು ಬಂದಿತು, ಬೀದಿನಾಯಿಗಳಿಗೆ ಎಂದರು. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ನಿಂತು ಗೋಡೆಯ ಬಣ್ಣವನ್ನು ಮೆಚ್ಚಿಕೊಂಡರು. ಕುರ್ಚಿಯಿಂದ ಏಳಲಾಗದಿದ್ದಾಗ, "ಇನ್ನೂ ಸ್ವಲ್ಪ ಕೂತಿರೋಣ, ಏನು ಅವಸರ" ಎನ್ನುತ್ತಿದ್ದರು. ಅದನ್ನು ಪ್ರೀತಿ ಎಂದುಕೊಂಡು ಕೂತವರು ಬಹಳ ಮಂದಿ, ಮೊದಮೊದಲು ನಾನೂ ಸೇರಿ. ನಿಜ ಗೊತ್ತಿದ್ದದ್ದು ಅವರ ಹೆಂಡತಿಗೆ, ಡಾಕ್ಟರಿಗೆ ಮತ್ತು ನನಗೆ. ನನಗೆ ಏಕೆಂದರೆ ಅವರ ಚೀಲ ಹೊರುವವನು ನಾನು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಭಾವನ ಅಕ್ಕ ಇರುವುದು ಕೊಲ್ಲಿಯ ಆಚೆ ದಡದಲ್ಲಿ, ಅಲ್ಲಿಗೆ ದೋಣಿಯಲ್ಲದೆ ಬೇರೆ ದಾರಿಯಿಲ್ಲ. ಬಂದರು ಎಂದ ಕೂಡಲೇ ನೀವು ಕಲ್ಲಿನ ಕಟ್ಟೆ, ಕ್ರೇನು ಎಂದೆಲ್ಲ ಊಹಿಸಿಕೊಳ್ಳಬೇಡಿ. ನಮ್ಮದು ಬರೀ ಮರಳು. ಮರಳಿನ ಮೇಲೆ ಒಂದು ಟಿಕೆಟ್ ಗೂಡು. ಸಣ್ಣ ದೋಣಿಗಳು ಮೂತಿಯನ್ನು ಮರಳಿಗೆ ತಾಗಿಸಿ ನಿಲ್ಲುತ್ತವೆ. ನಾವು ಚಪ್ಪಲಿ ಕೈಯಲ್ಲಿ ಹಿಡಿದು, ಮಂಡಿಯುದ್ದ ನೀರಿಗಿಳಿದು, ಅಲೆ ಹಿಂದಕ್ಕೆ ಹೋದ ಗಳಿಗೆ ನೋಡಿ ಒಂದು ಕಾಲನ್ನು ಅಂಚಿನ ಮೇಲಿಂದ ದಾಟಿಸಬೇಕು. ಇನ್ನೊಂದು ಕಾಲು ಹಿಂದೆಯೇ ಬರಬೇಕು. ಭಾವನದು ಬರುತ್ತಿರಲಿಲ್ಲ.

ಅಕ್ಕ ಎಂದರೆ ಭಾವನಿಗೆ ತಾಯಿಗಿಂತ ಹೆಚ್ಚು. ತಾಯಿ ಕೆಲಸಕ್ಕೆ ಹೋಗುತ್ತಿದ್ದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಹೊಲಿಗೆ ಕಲಿತವರು. ಭಾವನ ಮಂಡಿ ಹೋದ ಮೇಲೆ ಅವರು ಎರಡು ಸಲ ಊಟಕ್ಕೆ ಕರೆದರು. ಎರಡು ಸಲವೂ ಭಾವ ಹೋಗಲಿಲ್ಲ. ಮೊದಲ ಸಲ ಈರುಳ್ಳಿ ಲಾರಿ ಬಂತು ಎಂದರು, ಎರಡನೇ ಸಲ ಲಾರಿ ಬರಲಿಲ್ಲ ಎಂದರು. ಎರಡನ್ನೂ ಹೇಳಿಬರಲು ಹೋದವನು ನಾನು. ಅಕ್ಕ ನನ್ನ ಮುಖವನ್ನೇ ನೋಡಿದರು, ಊಟ ಬಡಿಸಿದರು. ಅಂದಿನಿಂದ ಭಾವನ ಫೋನು ಎತ್ತುವುದನ್ನು ನಿಲ್ಲಿಸಿದರು. ಎಲ್ಲರೂ ಒಂದೇ ತಕ್ಕಡಿಯ ಈರುಳ್ಳಿ ಎಂದು ನಮ್ಮ ಮನೆಯವರ ಫೋನನ್ನೂ ಎತ್ತಲಿಲ್ಲ.

ಈಗ ಅರವತ್ತರ ಹೊಸ್ತಿಲಲ್ಲಿ ಅಕ್ಕ ಸ್ವಂತದ್ದೊಂದು ಹೊಲಿಗೆ ಅಂಗಡಿ ಇಡುತ್ತಿದ್ದರು. ಹೊಸ ಯಂತ್ರ ಬಂದಿತ್ತು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಬಂದಿತ್ತು. ಭಾನುವಾರ ಬಾಗಿಲು ತೆಗೆಯುವುದು. ದೋಣಿಯವನ ಕೈಲಿ ಹೇಳಿಕಳಿಸಿದ್ದರು: "ಬಾಗಿಲ ಬೀಗ ತೆಗೆಯೋನು ನನ್ನ ತಮ್ಮ. ಅವನು ಬರಲಿಲ್ಲ ಅಂದ್ರೆ ನನಗೆ ತಮ್ಮ ಇಲ್ಲ ಅಂದ್ಕೋತೀನಿ."

ಈ ಮಾತನ್ನು ತಂದ ದೋಣಿಯವನಿಗೆ ರೇಡಿಯೊ ಎಂದು ಹೆಸರು. ಎರಡು ದಡದ ಸುದ್ದಿಯನ್ನು ಅದಲು ಬದಲು ಮಾಡುವುದು ಅವನ ಮುಖ್ಯ ಕಸುಬು, ದೋಣಿ ನಡೆಸುವುದು ಉಪಕಸುಬು.

ಭಾವ ಆ ರಾತ್ರಿ ಊಟ ಮಾಡಲಿಲ್ಲವಂತೆ. ಗುರುವಾರ ಬೆಳಗ್ಗೆ ನನ್ನನ್ನು ಕರೆದು, "ನಡಿ, ಜನ ಇಲ್ಲದ ಹೊತ್ತಲ್ಲಿ ಒಂದು ಸಲ ಹತ್ತಿ ಇಳಿದು ಅಭ್ಯಾಸ ಮಾಡ್ಕೊಂಡು ಬರೋಣ" ಎಂದರು. ಟಿಕೆಟ್ ಗೂಡಿನ ಪಕ್ಕದಲ್ಲಿ ಒಂದು ಹಲಗೆ ಇತ್ತು: 'ನಡೆಯಲು ತೊಂದರೆ ಇರುವವರು ಕುರ್ಚಿ ಕೇಳಿ ಪಡೆಯಬಹುದು.' ಹಲಗೆಯ ಕೆಳಗೆ ಕೈಗಳಿದ್ದ ಕಬ್ಬಿಣದ ಕುರ್ಚಿಯೂ ಇತ್ತು. ಕೂತರೆ ಇಬ್ಬರು ಎತ್ತಿಕೊಂಡು ಹೋಗಿ ದೋಣಿಯೊಳಗೆ ಇಳಿಸುತ್ತಾರೆ.

"ಭಾವ, ಕುರ್ಚಿ ಇದೆ" ಎಂದೆ.

"ಅದು ಮುದುಕರಿಗೆ" ಎಂದು ಭಾವ ಸಮುದ್ರವನ್ನು ನೋಡಿದರು.

ನೀರಿಗಿಳಿದೆವು. ರೇಡಿಯೊ ದೋಣಿಯ ಅಂಚು ಹಿಡಿದು ನಿಂತಿದ್ದ.

"ಕಾಲೆತ್ತಿ ಮಂಡಿಯಣ್ಣ."

"ಎತ್ತಿದೀನಿ."

"ಇನ್ನೊಂದು."

"ಬರ್ತಾ ಇದೆ."

"ಎಲ್ಲಿ ಬರ್ತಾ ಇದೆ?"

ಬಲಗಾಲು ದೋಣಿಯಲ್ಲಿ, ಎಡಗಾಲು ಮರಳಿನಲ್ಲಿ, ಭಾವ ಎರಡರ ನಡುವೆ. ಅಲೆ ಬಂದಾಗ ದೋಣಿ ಮೇಲೆದ್ದಿತು, ಭಾವನೂ ಅರ್ಧ ಎದ್ದರು. ಅಲೆ ಹೋದಾಗ ದೋಣಿ ಹಿಂದೆ ಸರಿಯಿತು, ಭಾವ ಸರಿಯಲಿಲ್ಲ. ಚೀಲವನ್ನು ತಲೆಯ ಮೇಲೆ ಹಿಡಿದು ನಾನು ನೋಡುತ್ತಿದ್ದ ಹಾಗೆಯೇ ಅವರು ಬಹಳ ನಿಧಾನವಾಗಿ, ಕುಳಿತುಕೊಳ್ಳಲೆಂದೇ ಬಂದವರಂತೆ, ಕತ್ತಿನವರೆಗೆ ನೀರಿನಲ್ಲಿ ಕುಳಿತರು.

ರೇಡಿಯೊ ಓಡಿಬಂದು ಹಿಡಿದೆತ್ತಿದ. ನೋವಿಗೆ ಭಾವನ ಕಣ್ಣಲ್ಲಿ ನೀರು ಬಂದಿತ್ತು. ನೋವು ಬಂದಾಗ ಮನುಷ್ಯನ ಬಾಯಿಂದ ನಿಜ ಬರುತ್ತದೆ. ಆದರೆ ಯಾರ ಮುಂದೆ ಬರುತ್ತದೆ ಎನ್ನುವುದು ನಮ್ಮ ಕೈಲಿಲ್ಲ.

"ಮಂಡಿ ಕೈಕೊಡ್ತಪ್ಪಾ. ಯಾರಿಗೂ ಹೇಳಬೇಡ" ಎಂದರು ಭಾವ.

ರೇಡಿಯೊನ ಮುಖ ಬಿಳಿಚಿಕೊಂಡಿತು. "ಯಾವಾಗಿಂದ ಅಣ್ಣ?"

"ತಿಂಗಳುಗಳಾಯ್ತು. ತೋರಿಸಿದೆ. ಒಳಗೆಲ್ಲ ನೀರು ತುಂಬಿದೆ, ಪೂರ್ತಿ ಸವೆದುಹೋಗಿದೆ, ಇದನ್ನ ತೆಗೆದು ಹೊಸದು ಹಾಕಿಸಿ ಅಂದ್ರು. ಅದೇನು ಸುಮ್ಮನೆ ಆಗೋ ಮಾತಾ?"

"ಅಲ್ಲ ಅಲ್ಲ. ಮನೇಲಿ ಗೊತ್ತಾ?"

"ಅವಳಿಗೆ ಗೊತ್ತು. ಪಾಪ, ದಿನಾ ಕೂತ್ಕೊಂಡು ಎಣ್ಣೆ ಹಾಕಿ ತಿಕ್ತಾಳೆ."

ಇಲ್ಲಿ ರೇಡಿಯೊ ಸ್ವಲ್ಪ ಯೋಚಿಸಿದ್ದು ನನಗೆ ನೆನಪಿದೆ. ಆದರೆ ಅವನು ಪ್ರಶ್ನೆ ಕೇಳುವ ಜಾತಿಯವನಲ್ಲ, ಉತ್ತರ ಹಂಚುವ ಜಾತಿಯವನು. ಸಂಜೆ ಹೊತ್ತಿಗೆ ಆಚೆ ದಡದಲ್ಲಿ ಸುದ್ದಿ ಇಳಿದಿತ್ತು: ಮಂಡಿಯಣ್ಣನ ಮಂಡಿ ಮುಳುಗಿತು, ಒಳಗೆಲ್ಲ ನೀರು, ಹೆಂಡತಿ ದಿನವೂ ಕೂತು ಎಣ್ಣೆ ಹಾಕಿ ನೆಲ ತಿಕ್ಕುತ್ತಾಳೆ, ಅಣ್ಣ ಜೀವ ಬೇಸರವಾಗಿ ಸಮುದ್ರದಲ್ಲಿ ಕೂತುಬಿಟ್ಟಿದ್ದರು, ತಾನು ಎತ್ತದಿದ್ದರೆ ಆಯಿತು ಕಥೆ.

ಈಚೆ ದಡಕ್ಕೂ ಅದೇ ಸುದ್ದಿ ಬಂತು. ಶುಕ್ರವಾರ ನಾನು ಮಂಡಿಗೆ ಹೋದಾಗ ಪಕ್ಕದ ಆಲೂಗಡ್ಡೆ ವ್ಯಾಪಾರಿ ಭಾವನ ಎದುರು ಕುಳಿತಿದ್ದರು. ದುಃಖ ಹೇಳಲು ಬಂದವರ ಮುಖ, ಜಾಗ ಅಳೆಯಲು ಬಂದವರ ಕಣ್ಣು.

"ನಿಮ್ಮ ಮಂಡಿ ವಿಷಯ ಕೇಳಿ ಬೇಜಾರಾಯ್ತು."

ಭಾವ ನನ್ನನ್ನು ಸುಡುವ ಹಾಗೆ ನೋಡಿದರು. ನಾನಲ್ಲ ಎಂದು ತಲೆಯಾಡಿಸಿದೆ.

"ಯಾರು ಹೇಳಿದ್ರು ನಿಮಗೆ?"

"ಬೀದಿಗೆಲ್ಲ ಗೊತ್ತು ಬಿಡಿ. ಮುಚ್ಚಿಡೋ ವಿಷಯವಾ ಇದು. ನೀರು ತುಂಬಿತ್ತಂತೆ?"

"ಸ್ವಲ್ಪ. ಹೋದ ವಾರ ಸೂಜಿ ಹಾಕಿ ತೆಗೆದ್ರು."

"ಸೂಜಿನಾ?" ಆಲೂಗಡ್ಡೆಯವರು ನೆಲವನ್ನು ನೋಡಿದರು. "ಪಂಪು ಇಡಬೇಕಿತ್ತು."

"ಅಷ್ಟೊಂದೇನೂ ಇರಲಿಲ್ಲ."

"ಪೂರ್ತಿ ಹೋಯ್ತಾ?"

"ಎಡಗಡೇದು ಮಾತ್ರ. ಬಲಗಡೇದು ಇನ್ನೂ ಗಟ್ಟಿ ಇದೆ."

ಭಾವನ ಮಂಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕೋಣೆ ಇರುವುದನ್ನು ಇಲ್ಲಿ ತಿಳಿಸಿಬಿಡುತ್ತೇನೆ. ಆಲೂಗಡ್ಡೆಯವರು ಎಡಕ್ಕೆ ತಿರುಗಿ, ಕತ್ತು ಚಾಚಿ ನೋಡಿದರು.

"ಹಾಗಾದ್ರೆ ಎಡಗಡೇದನ್ನ ನನಗೆ ಕೊಟ್ಟುಬಿಡಿ. ಹೇಗೂ ನಿಮ್ಮ ಉಪಯೋಗಕ್ಕಿಲ್ಲ."

ಭಾವ ಎರಡೂ ಕೈಯಿಂದ ಎಡ ಮಂಡಿಯನ್ನು ಮುಚ್ಚಿಕೊಂಡರು. "ನೀವು ತಗೊಂಡು ಏನು ಮಾಡ್ತೀರಿ?"

"ಆಲೂಗಡ್ಡೆ ತುಂಬ್ತೀನಿ."

ನನಗೆ ಆಗ ಹೊಳೆಯಿತು. ಹೊಳೆದ ಕೂಡಲೇ ನಗು ಬಂತು. ನಗುವ ಹೊತ್ತಲ್ಲ ಎಂದು ಈರುಳ್ಳಿ ಮೂಟೆಗಳ ಹಿಂದೆ ಹೋಗಿ ನಿಂತೆ. ಅಲ್ಲಿ ಹಮಾಲರಿಬ್ಬರು ಮುಖ ಬಾಡಿಸಿಕೊಂಡು ನಿಂತು, ನಮ್ಮ ಕೆಲಸದ ಗತಿ ಏನು ಎಂದು ಕೇಳಿದರು. ಅವರಿಗೆ ಸಮಾಧಾನ ಹೇಳಿ, ಆಲೂಗಡ್ಡೆಯವರಿಗೆ ಅಂಗರಚನೆ ವಿವರಿಸಿ ಕಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ಪೂರ್ತಿ ನಂಬಲಿಲ್ಲ. ಹೋಗುವಾಗ, "ಮನಸ್ಸು ಬದಲಾದ್ರೆ ಮೊದಲು ನನಗೆ ಹೇಳಿ" ಎಂದರು.

ಸಂಜೆ ರೇಡಿಯೊ ಆಚೆಯಿಂದ ಬಂದ. ಬಂದವನು ನೇರವಾಗಿ ಮಂಡಿಗೇ ಬಂದ, ಕೈ ಕಟ್ಟಿ ನಿಂತ.

"ಅಣ್ಣ, ಅಕ್ಕ ಅಂಗಡಿ ಇಡಲ್ಲವಂತೆ. ನಾಳೆ ಬೆಳಗ್ಗೆ ಯಂತ್ರ, ಮೇಜು ಎಲ್ಲಾ ಮಾರ್ತಾರಂತೆ. ಯಂತ್ರದ ವ್ಯಾಪಾರಿ ಬಂದಾಗಿದೆ, ನನ್ನ ದೋಣೀಲೇ ಸಾಗಿಸೋದು. ತಮ್ಮ ನೀರಲ್ಲಿ ಮುಳುಗಿರೋವಾಗ ನಾನೇನು ಹೊಲೀತಾ ಕೂರಲಿ ಅಂದ್ರು. ಅತ್ತೂ ಅತ್ತೂ ಕಣ್ಣು ಊದಿದೆ."

ಭಾವ ಏಳಲು ನೋಡಿದರು, ಆಗಲಿಲ್ಲ, ಕುಳಿತೇ ಫೋನು ಮಾಡಿದರು. ಅಕ್ಕ ಎತ್ತಲಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ರೇಡಿಯೊಗೆ ಈ ಮಂಡಿ ಆ ಮಂಡಿ ಎಂದು ತಿಳಿಹೇಳಿ, ಹೋಗಿ ಹೇಳು ಎಂದೆವು. ಅವನು ತಲೆ ಕೆರೆದುಕೊಂಡ. "ಹೇಳ್ತೀನಿ. ಆದ್ರೆ ನಿಮ್ಮ ಕಡೆಯಿಂದ ಯಾರು ಏನು ಹೇಳಿದ್ರೂ ನೆಪ ಅಂತಾರೆ ಅವರು. ಲಾರಿ ವಿಷಯ ಇನ್ನೂ ಮರೆತಿಲ್ಲ."

ಭಾವ ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನತ್ತ ನೋಡಿ, "ಆ ಕುರ್ಚಿ ನಾಳೆ ಬೆಳಗ್ಗೆ ಇರುತ್ತಾ?" ಎಂದರು. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಆ ಗಳಿಗೆಯಲ್ಲಿ.

ಶನಿವಾರ ಬೆಳಗ್ಗೆ ಬಂದರಿನಲ್ಲಿ ಜನವೋ ಜನ. ಭಾವ ಕೋಲೂರಿಕೊಂಡು ಟಿಕೆಟ್ ಗೂಡಿನ ಮುಂದೆ ನಿಂತರು.

"ಒಂದು ಕುರ್ಚಿ ಬೇಕಿತ್ತು."

"ಕಾರಣ?" ಎಂದರು ಒಳಗಿದ್ದ ಗುಮಾಸ್ತರು.

ಭಾವ ಆಚೆ ಈಚೆ ನೋಡಿ, ಗೂಡಿನ ಕಿಂಡಿಗೆ ಬಾಯಿಟ್ಟು, ಪಿಸುಮಾತಿನಲ್ಲಿ, "ಮಂಡಿ" ಎಂದರು.

ಗುಮಾಸ್ತರು ಕನ್ನಡಕ ತೆಗೆದರು. ದನಿಯಲ್ಲಿ ಕರುಣೆ ಇತ್ತು, ಕಾನೂನೂ ಇತ್ತು. "ಕೇಳಿದೆ ಅಣ್ಣಾ. ನನಗೂ ನೋವಾಯ್ತು. ಆದ್ರೆ ನೋಡಿ, ಮನುಷ್ಯ ಕೂತ್ರೆ ಕುರ್ಚಿ ಕೊಡ್ತೀವಿ, ವ್ಯಾಪಾರ ಕೂತ್ರೆ ಕೊಡೋಕಾಗಲ್ಲ. ಎಲ್ಲರೂ ಕೇಳ್ತಾರೆ ಆಮೇಲೆ."

"ಆ ಮಂಡಿ ಅಲ್ಲ ಸ್ವಾಮಿ."

"ಮತ್ತೆ ಎಷ್ಟು ಮಂಡಿ ಇದೆ ನಿಮಗೆ?"

"ಎರಡು" ಎಂದರು ಭಾವ. ಹಿಂದಿದ್ದವರು, ಒಂದು ಹೋದರೂ ಇನ್ನೊಂದು ಇದೆಯಲ್ಲ, ಪರವಾಗಿಲ್ಲ ಎಂದು ಮಾತಾಡಿಕೊಂಡರು.

ಆಚೆ ದಡದಲ್ಲಿ ಯಂತ್ರ ಹೊರಡುವ ಹೊತ್ತಾಗುತ್ತಿತ್ತು. ಭಾವ ಕೋಲನ್ನು ನನ್ನ ಕೈಗೆ ಕೊಟ್ಟರು. ಬಗ್ಗಿ ಎಡಗಾಲಿನ ಪ್ಯಾಂಟನ್ನು ಮಡಚುತ್ತಾ, ಎಳೆಯುತ್ತಾ, ಮೇಲಕ್ಕೆ ತಂದರು. ಆಮೇಲೆ ನನ್ನ ಹೆಗಲು ಹಿಡಿದು ಆ ಕಾಲನ್ನು ಆದಷ್ಟು ಮೇಲೆತ್ತಿ ಕಿಂಡಿಗೆ ತೋರಿಸಿದರು. ಬೇಲದ ಹಣ್ಣಿನಷ್ಟು ಊದಿತ್ತು. ಗುಮಾಸ್ತರು ಎದ್ದು ನಿಂತು ನೋಡಿದರು. ಸಾಲಿನಲ್ಲಿದ್ದವರೆಲ್ಲ ಬಂದು ನೋಡಿದರು. ಯಾರೂ ನಗಲಿಲ್ಲ. ಇಬ್ಬರು ತಮ್ಮ ತಮ್ಮ ಮಂಡಿಯ ಕಥೆ ಶುರುಮಾಡಿದರು, ಒಬ್ಬರು ಎಣ್ಣೆಯ ಹೆಸರು ಹೇಳಿದರು. ಇಷ್ಟಕ್ಕಾಗಿ ಇಷ್ಟು ತಿಂಗಳು ಬಚ್ಚಿಟ್ಟದ್ದೇ ಎಂದು ಭಾವನ ಮುಖ ಸಣ್ಣಗಾಯಿತು.

ಕುರ್ಚಿ ಬಂತು. ಎತ್ತಲು ಬಂದವರು ಅವರದೇ ಮಂಡಿಯ ಹಮಾಲರಿಬ್ಬರು, ಮೂಟೆ ಸಾಗಿಸಲು ಬಂದಿದ್ದರು.

"ಹೆದರಬೇಡಿ ಅಣ್ಣ, ಹೊರೋದು ಹೇಗೆ ಅಂತ ನೀವೇ ತೋರಿಸಿಕೊಟ್ಟಿದೀರಲ್ಲ" ಎಂದ ಒಬ್ಬ.

"ಹಾಗೆ ಹೊರಬೇಡಿ" ಎಂದರು ಭಾವ.

ಅವರು ತಮ್ಮ ರೀತಿಯಲ್ಲೇ ಹೊತ್ತರು. ಅಲೆ ಹಿಂದೆ ಸರಿದಾಗ ನಾಲ್ಕು ಹೆಜ್ಜೆ ಹಾಕಿ, ಭಾವನ ಪಾದಕ್ಕೆ ಹನಿ ನೀರು ತಾಗದಂತೆ ದೋಣಿಯೊಳಗೆ ಇಳಿಸಿದರು. ಕುರ್ಚಿ ಈ ದಡ ಬಿಟ್ಟು ಹೋಗುವಂತಿಲ್ಲ ಎಂದು ಗುಮಾಸ್ತರು ಕೂಗಿದ್ದರಿಂದ ಭಾವನನ್ನು ಈರುಳ್ಳಿ ಮೂಟೆಗಳ ಮೇಲೆ ಕೂರಿಸಿ, ಕುರ್ಚಿ ವಾಪಸು ಹೋಯಿತು. ದೋಣಿ ಹೊರಟಿತು. ಹತ್ತುವುದೊಂದನ್ನೇ ಯೋಚಿಸಿದ್ದ ನಮಗೆ, ಇಳಿಯುವುದು ಎಂಬುದೂ ಒಂದಿದೆ ಎಂದು ನೆನಪಾದದ್ದು ಕೊಲ್ಲಿಯ ನಡುವೆ.

ಆಚೆ ದಡದ ಮರಳಿನ ಮೇಲೆ ಹೊಸ ಯಂತ್ರ ನಿಂತಿತ್ತು, ಪಕ್ಕದಲ್ಲಿ ಉದ್ದನೆಯ ಮೇಜು. ಯಂತ್ರದ ವ್ಯಾಪಾರಿ ಹಗ್ಗ ಬಿಗಿಯುತ್ತಿದ್ದ. ಅಕ್ಕ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದರು. ದೋಣಿಯ ಮೂತಿ ಮರಳಿಗೆ ತಾಗಿತು.

"ಅಕ್ಕಾ, ಯಂತ್ರ ಕೊಡಬೇಡ" ಎಂದು ಭಾವ ಮೂಟೆಗಳ ಮೇಲಿಂದ ಕೂಗಿದರು. "ಮಂಡಿಗೇನೂ ಆಗಿಲ್ಲ, ಚೆನ್ನಾಗಿದೆ."

"ಸುಳ್ಳು ಹೇಳಬೇಡ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ಇಳಿದು ಬಾ, ಮನೇಲಿ ಮಾತಾಡೋಣ."

"ಇಳಿಯೋಕಾಗಲ್ಲ."

"ಯಾಕೆ?"

"ಮಂಡಿ ಹೋಗಿದೆ."

ಅಕ್ಕ ಯಂತ್ರದ ಮೇಲಿಂದ ಕೈ ತೆಗೆದರು. "ಈಗ ತಾನೇ ಚೆನ್ನಾಗಿದೆ ಅಂದೆ."

"ಅದು ಮಂಡಿ. ಇದು ಮಂಡಿ."

ಅಕ್ಕ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. "ನೀನು ಸುಮ್ಮನಿರು, ಲಾರಿ" ಎಂದರು. ನನಗೆ ಆ ದಡದಲ್ಲಿ ಆ ಹೆಸರು ಬಿದ್ದದ್ದು ಅಂದೇ.

ಉಟ್ಟ ಬಟ್ಟೆ ನೆನೆಯುತ್ತದೆಂದೂ ನೋಡದೆ ಅಕ್ಕ ನೀರಿಗಿಳಿದು ಬಂದರು. ದೋಣಿಯ ಅಂಚು ಹಿಡಿದು, ಮೂಟೆಯ ಮೇಲೆ ನೀಳವಾಗಿ ಚಾಚಿಕೊಂಡಿದ್ದ ಆ ಕಾಲನ್ನು, ಇನ್ನೂ ಮಡಚಿದಂತೆಯೇ ಇದ್ದ ಪ್ಯಾಂಟನ್ನು, ಊದಿದ ಗಂಟನ್ನು ನೋಡಿದರು. ಒಂದು ಬೆರಳಿನಿಂದ ಒತ್ತಿದರು. ಭಾವ ಕಿರುಚಿದರು.

"ಇದಾ?"

"ಇದೇ."

"ಎರಡು ಸಲ ಬರದೇ ಇದ್ದದ್ದು ಇದಕ್ಕಾ?"

ಭಾವ ತಲೆ ತಗ್ಗಿಸಿದರು. "ನೀನು ನನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಬೆಳೆಸಿದವಳು. ಈ ವಯಸ್ಸಲ್ಲಿ ನಿನ್ನ ಮುಂದೆ ಕುಂಟ್ಕೊಂಡು ಹೇಗೆ ಬರಲಿ ಅಂತ ನಾಚಿಕೆಯಾಯ್ತು."

"ನಾನು ಏನಂದ್ಕೊಂಡಿದ್ದೆ ಗೊತ್ತಾ?" ಅಕ್ಕನ ದನಿ ಒಡೆಯಿತು. "ತಮ್ಮ ದೊಡ್ಡ ಮನುಷ್ಯ ಆದ, ಹೊಲಿಯೋ ಅಕ್ಕ ಬೇಡವಾದಳು ಅಂತ. ಎರಡು ಸಲ ಬಾಗಿಲಲ್ಲಿ ಕೂತು ಕಾದೆ. ನೀನು ತೆವಳ್ಕೊಂಡು ಬಂದಿದ್ರೂ ನನಗೆ ಅದೇ ಹಬ್ಬ ಆಗಿರೋದು." ಹೀಗೆಂದು ತಮ್ಮನ ಕೆನ್ನೆಗೆ ಒಂದು ಕೊಟ್ಟರು. ಮೆಲ್ಲಗಲ್ಲ. ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಅತ್ತರು. ಭಾವನೂ ಅತ್ತರು. ಈರುಳ್ಳಿ ಮೂಟೆ ಹತ್ತಿರವಿದ್ದದ್ದರಿಂದ ನನಗೆ ಒಂದು ನೆಪ ಸಿಕ್ಕಿತು.

ಇಳಿಸುವ ದಾರಿಯನ್ನು ಅಕ್ಕನೇ ಕಂಡುಹಿಡಿದರು. ಕತ್ತರಿಸುವ ಮೇಜನ್ನು ನೀರಿಗೆ ತರಿಸಿ, ಅದರ ಮೇಲೆ ತಮ್ಮನನ್ನು ಉದ್ದಕ್ಕೆ ಮಲಗಿಸಿದರು. ಒಂದು ಮೂಲೆ ನನಗೆ, ಒಂದು ರೇಡಿಯೊಗೆ, ಒಂದು ದಡದಲ್ಲಿ ನಿಂತಿದ್ದ ಮೀನಿನವನಿಗೆ. ನಾಲ್ಕನೆಯದನ್ನು ಹಿಡಿಯುವಂತೆ ಯಂತ್ರದ ವ್ಯಾಪಾರಿಗೆ ಹೇಳಿದರು.

"ಅಮ್ಮಾ, ನಾನು ಬಂದಿದ್ದು ಮೇಜು ತಗೊಂಡು ಹೋಗೋಕೆ" ಎಂದ ಅವನು.

"ತಗೊಂಡು ಹೋಗೋದೇ ಈಗ. ಅಂಗಡಿಗೆ" ಎಂದರು ಅಕ್ಕ.

ಭಾನುವಾರ ಬಾಗಿಲು ತೆಗೆಯುವ ಹೊತ್ತಿಗೆ ದಡವೆಲ್ಲ ಅಂಗಡಿಯ ಮುಂದೆ ನೆರೆದಿತ್ತು. ಅದು ಮೇಲಕ್ಕೆ ಸುತ್ತಿಕೊಳ್ಳುವ ಶಟರು, ಬೀಗ ನೆಲದ ಹತ್ತಿರ. ತೆಗೆಯಬೇಕಾದರೆ ಮಂಡಿಯೂರಬೇಕು. ಭಾವ ಬೀಗವನ್ನು ನೋಡಿದರು, ಜನರನ್ನು ನೋಡಿದರು. "ಈ ಕೀಲಿಕೈ ಯಾಕೋ ಸರಿ ಇದ್ದ ಹಾಗಿಲ್ಲ" ಎಂದು ಶುರುಮಾಡಿದವರು ಅಕ್ಕನ ಕಣ್ಣು ನೋಡಿ ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ನನಗೆ ಬಗ್ಗೋಕಾಗಲ್ಲ. ಮೇಜು ತನ್ನಿ."

ಹಿಂದಿನ ದಿನದಿಂದ ಅಂಗಡಿಯ ಹೊರಗೇ ಇದ್ದ ಮೇಜನ್ನು ತಂದು, ಅದರ ಕಾಲುಗಳನ್ನು ಮಡಚಿ ನೆಲಕ್ಕಿಟ್ಟೆವು. ಅದರ ಮೇಲೆ ಒರಗಿಕೊಂಡು, ಒಂದು ಕಾಲನ್ನು ಬೀದಿಗೆ ಚಾಚಿ, ಭಾವ ಅಕ್ಕನ ಅಂಗಡಿಯ ಬೀಗ ತೆಗೆದರು. ಅಷ್ಟು ಆರಾಮವಾಗಿ ಬೀಗ ತೆಗೆದವರನ್ನು ನಾನು ಬೇರೆ ಕಂಡಿಲ್ಲ.

ತಪ್ಪು ಸುದ್ದಿ ಹಬ್ಬಿಸಿದ ರೇಡಿಯೊಗೆ, ಸರಿ ಸುದ್ದಿಯನ್ನೂ ಅವನೇ ಹಬ್ಬಿಸಬೇಕೆಂದು ಅಕ್ಕ ತಾಕೀತು ಮಾಡಿದ್ದರು. ಅವನು ಸಂಜೆ ಈಚೆ ದಡಕ್ಕೆ ಬಂದು, ದೋಣಿಯ ಮೂತಿಯ ಮೇಲೆ ನಿಂತು ಕೂಗಿದನಂತೆ: "ಮಂಡಿಯಣ್ಣನ ಮಂಡಿಗೆ ಏನೂ ಆಗಿಲ್ಲ, ಬರೀ ಮಂಡಿ ಹೋಗಿದೆ." ಅರ್ಧ ಗಂಟೆಯೊಳಗೆ ಆಲೂಗಡ್ಡೆಯವರು ಭಾವನಿಗೆ ಫೋನು ಮಾಡಿ, "ಬರೀ ಮಂಡಿ ಅಂದ್ರೆ ಗೋಡೆ ಸೇರಿ ಕೊಡ್ತೀರಾ?" ಎಂದು ಕೇಳಿದರು.

ಅಕ್ಕ ಇದನ್ನೆಲ್ಲ ಕೇಳಿಸಿಕೊಂಡರು. ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಅಳತೆ ತೆಗೆದುಕೊಂಡರು. ಹೊಸ ಯಂತ್ರದಲ್ಲಿ ಹೊಲಿದ ಮೊದಲ ಬಟ್ಟೆ ಭಾವನ ಪ್ಯಾಂಟು. ಬಲಗಾಲು ಎಲ್ಲರ ಪ್ಯಾಂಟಿನಂತೆಯೇ ಇತ್ತು. ಎಡಗಾಲು ಮಾತ್ರ ಅಗಲವಾಗಿತ್ತು, ಮಂಡಿಯ ಮೇಲಿನಿಂದ ಕೆಳಗಿನವರೆಗೆ ಸೀಳಿ, ಸೀಳಿಗೆ ಸಾಲಾಗಿ ಗುಂಡಿ ಹಾಕಿದ್ದರು.

"ಇಷ್ಟೊಂದು ಗುಂಡಿ ಯಾಕಕ್ಕ?" ಎಂದರು ಭಾವ.

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, ಪ್ಯಾಂಟನ್ನು ಒಂದು ಸಲ ಒದರಿ, ತಮ್ಮನ ಮಡಿಲಿಗೆ ಹಾಕಿದರು.

"ವಾರ ವಾರ ಬರಬೇಕಲ್ಲ ನೀನು. ದಾರೀಲಿ ಯಾರಾದ್ರೂ ಏನಾಯ್ತು ಅಂತ ಕೇಳಿದ್ರೆ ಬಾಯಿ ಬಿಡಬೇಡ. ಗುಂಡಿ ಬಿಚ್ಚು."